ತಗ್ಗಿನ ಪಂಪ್‌ಹೌಸಿನ ಮೆಟ್ಟಿಲು

ಹಾಲೇಶ ತೀರಿಕೊಂಡು ಮೂರು ದಿನವಾದರೂ ನಮ್ಮ ಮನೆ ಮೇಲೇಳಲಿಲ್ಲ.

ಎದುರುಮನೆಯ ಹೊನ್ನೂರಮ್ಮ ದಿನವೂ ಬೆಳಿಗ್ಗೆ ಬಂದು ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಹೊಸ್ತಿಲಿಗೂ ಬೀದಿಗೂ ನಡುವೆ ಬೆರಳಿಟ್ಟು ನೋಡುತ್ತಿದ್ದಳು. ಎದ್ದು ಹೋಗುತ್ತಿದ್ದಳು. ಅವಳ ಗಂಡ ಬದುಕಿದ್ದಾಗ ಕಲ್ಲಿನ ಕೆಲಸ ಮಾಡುತ್ತಿದ್ದ. ಅವನಾದ ಮೇಲೆ ಉಳಿ ಸುತ್ತಿಗೆ ಅವಳ ಕೈಗೆ ಬಂದವು. ನಮ್ಮ ಬೀದಿಯಲ್ಲಿ ಯಾರು ಹೋದರೂ ಮೆಟ್ಟಿಲುಗಲ್ಲು ಕಡೆಯುವವಳು ಅವಳೇ. ನಮ್ಮ ಮನೆಗೆಂದು ಕಡೆದ ಕಲ್ಲು ಅವಳ ಗೋಡೆಗೆ ಒರಗಿ ನಿಂತಿತ್ತು.

ನಮ್ಮ ಊರಲ್ಲಿ ಜೀವ ಹೋದ ಜಾಗ ಒಂದು ಗೇಣು ಏರುತ್ತದೆ. ಗೋಡೆ ಬಿರುಕು ಬಿಡುವುದಿಲ್ಲ, ದೇವರ ಮುಂದಿನ ದೀಪ ಕೂಡ ಅಲ್ಲಾಡುವುದಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಕಾಲಿಟ್ಟವರು ಮುಗ್ಗರಿಸುತ್ತಾರೆ, ಅಷ್ಟೆ. ಆಮೇಲೆ ಪ್ಲಂಬರ್ ಬಂದು ಬಚ್ಚಲಿನ ಪೈಪಿಗೆ ಒಂದು ತುಂಡು ಸೇರಿಸುತ್ತಾನೆ. ಹನ್ನೊಂದರ ದಿನ ಬೀದಿಯವರು ಸೇರಿ ಹೊಸ ಮೆಟ್ಟಿಲು ಹಾಕುತ್ತಾರೆ. ಅದನ್ನು ಮೊದಲ ಸಲ ತುಳಿಯುವ ಪ್ರತಿಯೊಬ್ಬರೂ ಎದುರಿಗೆ ನಿಂತು ಸತ್ತವರ ಹೆಸರು ಹೇಳಿ ಹತ್ತಬೇಕು. ನೆಂಟರಿಗೂ ಅದೇ, ಹಾಲಿನವನಿಗೂ ಅದೇ, ಬದುಕಿದ್ದಾಗ ಜಗಳವಾಡಿದವರಿಗೂ ಅದೇ. ಹಾಗಾಗಿ ಹಳೆಯ ಮನೆಗಳೆಲ್ಲ ಎತ್ತರದಲ್ಲಿವೆ. ಹೊಸದಾಗಿ ಮದುವೆಯಾದವರು ತಗ್ಗಿನ ಮನೆ ಹುಡುಕುತ್ತಾರೆ. ಆಸ್ಪತ್ರೆಗೆ ಹೋಗುವುದೆಂದರೆ ಗುಡ್ಡ ಹತ್ತಿದ ಹಾಗೆ; ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಹೊರುತ್ತಾರೆ. ಮನೆಗೆ ಮೆಟ್ಟಿಲು ಜಾಸ್ತಿಯಾಗುತ್ತದೆ ಎಂದು ಕೊನೆಗಾಲದಲ್ಲಿ ಹಿರಿಯರನ್ನು ಅಲ್ಲಿಗೆ ಸಾಗಿಸುವವರಿದ್ದಾರೆ. ಊರು ಅಂಥವರನ್ನು ಆಡಿಕೊಳ್ಳುತ್ತದೆ. ತಮ್ಮ ಸರದಿ ಬಂದಾಗ ಎಷ್ಟೋ ಜನ ತಾವೂ ಹಾಗೆಯೇ ಮಾಡುತ್ತಾರೆ.

ನಾನು ಈ ಊರಿನವಳಲ್ಲ. ಐಟಿಐ ಓದಲು ನಮ್ಮ ಕಡೆ ಬಂದಿದ್ದ ಹಾಲೇಶನನ್ನು ಮೆಚ್ಚಿ ಮದುವೆಯಾದೆ. ಮದುವೆಗೆ ಎರಡೂ ಕಡೆಯವರು ಬರಲಿಲ್ಲ. ಆಗ ನಾನು ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎ. ಮುಗಿಸಿದ್ದೆ. ಈ ಊರು ಯಾವ ನಕ್ಷೆಯಲ್ಲೂ ಯಾಕಿಲ್ಲ ಎಂದು ಕೇಳಿದರೆ, ಸರ್ವೆಯವರು ಅಳೆದು ಹೋಗುವಷ್ಟರಲ್ಲಿ ಎಲ್ಲಾದರೂ ಒಂದು ಗೇಣು ಹೆಚ್ಚಾಗಿರುತ್ತದಲ್ಲ ಎಂದು ಅವನು ನಗುತ್ತಿದ್ದ.

ಪುರಸಭೆಯ ಟ್ರ್ಯಾಕ್ಟರಿನಲ್ಲಿ ಅವನನ್ನು ಮನೆಗೆ ತಂದರು. ಮಟಮಟ ಮಧ್ಯಾಹ್ನ. ಜೊತೆಗೆ ಇಂಜಿನಿಯರ್ ವಿರೂಪಾಕ್ಷಯ್ಯನವರಿದ್ದರು. ಮಂಚದ ಮೇಲೆ ಮಲಗಿಸಿದರು. "ಎದೆನೋವು ಅಂದ. ಮನೆಗೆ ಬಿಡೋಣ ಅಂತ ಕರ್ಕೊಂಡು ಬಂದ್ವಿ. ಮಲಗಿಸೋವಾಗ ಉಸಿರಿತ್ತು. ನೀವೂ ನೋಡಿದ್ರಲ್ಲಮ್ಮ?" ಎಂದು ಅವರು ಕೇಳಿದರು. ನಾನು ಏನು ನೋಡಿದೆ ಎಂದು ನನಗೆ ತಿಳಿಯಲಿಲ್ಲ. ಅವನ ತಲೆಗೂದಲು ಒದ್ದೆಯಾಗಿತ್ತು. ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ನಾವು ಬಳಸುವ ಸೋಪಲ್ಲ. ಹಾಕಿದ್ದ ಅಂಗಿ ಅವನದಲ್ಲ, ಹೆಗಲ ಹತ್ತಿರ ದೊಗಲೆಯಾಗಿತ್ತು. ಇವೆಲ್ಲ ಕಣ್ಣಿಗೆ ಬಿದ್ದವು. ಅವನ್ನು ಒಂದಕ್ಕೊಂದು ಸೇರಿಸುವ ಶಕ್ತಿ ನನ್ನಲ್ಲಿರಲಿಲ್ಲ. ಮನೆಯಲ್ಲಿ ಹೃದಯಾಘಾತದಿಂದ ಮರಣ ಎಂದು ಪುರಸಭೆಯವರು ಬರೆದುಕೊಂಡರು.

ಆದರೆ ಮನೆ ಏಳಲಿಲ್ಲ. ಬೀದಿಯ ನಲ್ಲಿಯ ಹತ್ತಿರ ಮಾತು ಶುರುವಾಯಿತು. "ಮನೆ ಏಳಬೇಕಂದ್ರೆ ಅದಕ್ಕೂ ಇವ್ನು ನಮ್ಮೋನು ಅನ್ನಿಸಬೇಕಲ್ಲೇ" ಎಂದು ಒಬ್ಬಳು. "ಆ ಓದಿದೋಳಿಗೆ ಅಳಾಕೂ ಬರಲ್ಲ, ಅವಳ ಮನೆಗೆ ಏಳಾಕೂ ಬರಲ್ಲ" ಎಂದು ಇನ್ನೊಬ್ಬಳು. ನಾನು ಕೊಡ ತುಂಬಿಸಿಕೊಂಡು ಬಂದೆ. ನಾನು ಅತ್ತಿರಲಿಲ್ಲ, ಅದು ನಿಜ. ಉಳಿದದ್ದೂ ನಿಜವಿರಬಹುದು ಎಂದುಕೊಂಡೆ. ಎರಡು ಕಡೆಯವರೂ ಬಾರದ ಮದುವೆ. ಮನೆ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೇನೋ. ರಾತ್ರಿ ನೆಲದ ಮೇಲೆ ಅಂಗೈ ಊರಿ ಮಲಗುತ್ತಿದ್ದೆ. ನೆಲ ತಣ್ಣಗಿರುತ್ತಿತ್ತು.

ಹನ್ನೊಂದರ ದಿನ ಮೆಟ್ಟಿಲಿಲ್ಲದೆ ಕಳೆಯಿತು. ಕಲ್ಲನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಹೊನ್ನೂರಮ್ಮನಿಗೆ ಹೇಳಿದೆ.

"ಇರ್ಲಿ ಬಿಡು ಮಗಾ. ಕಲ್ಲೇನು ಹಾಲಾ, ಕೆಟ್ಟು ಹೋಗಾಕೆ?" ಎಂದಳು.

ಅನುಕಂಪದ ಆಧಾರದ ಮೇಲೆ ನನಗೆ ಪುರಸಭೆಯಲ್ಲಿ ಕೆಲಸ ಕೊಟ್ಟರು. ಖಾಲಿ ಇದ್ದದ್ದು ಹಾಲೇಶನ ಜಾಗ ಒಂದೇ: ತಗ್ಗಿನ ಪಂಪ್‌ಹೌಸ್. ಎಂ.ಎ. ಓದಿದವಳು ಒಪ್ಪುವುದಿಲ್ಲ ಎಂದುಕೊಂಡಿದ್ದರೋ ಏನೋ. ನಾನು ಒಪ್ಪಿದೆ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು.

ಕೊಳಚೆ ನೀರು ತಾನಾಗಿ ಇಳಿಯುತ್ತದೆ, ತಾನಾಗಿ ಏರುವುದಿಲ್ಲ. ಆ ಕೆಲಸದ ಮೊದಲ ಪಾಠ ಅದು. ಊರಿನ ಎಲ್ಲ ಬಚ್ಚಲುಗಳ ನೀರೂ ನೆಲದೊಳಗಿನ ಪೈಪುಗಳಲ್ಲಿ ಇಳಿಜಾರು ಹಿಡಿದು ಒಂದು ತಗ್ಗಿಗೆ ಬಂದು ಸೇರಬೇಕು. ಅಲ್ಲಿಂದ ಯಾರಾದರೂ ಅದನ್ನು ಎತ್ತಿ, ಗುಡ್ಡದಾಚೆಯ ಶುದ್ಧೀಕರಣದ ಹೊಂಡಗಳಿಗೆ ಕಳಿಸಬೇಕು. ಯಾರೂ ಎಂದೂ ಸತ್ತಿರದ ಜಾಗ ಯಾವುದು ಎಂದು ಹಿರಿಯರನ್ನು ಕೇಳಿ ಕೇಳಿ ಪಂಪ್‌ಹೌಸಿಗೆ ಆ ತಗ್ಗನ್ನು ಆರಿಸಿದ್ದರಂತೆ. ಅಲ್ಲಿ ಯಾರೂ ವಾಸವಿಲ್ಲ. ಆದ್ದರಿಂದ ಅಲ್ಲಿ ಯಾರೂ ಸಾಯುವುದಿಲ್ಲ, ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಊರಿನ ಪೈಪುಗಳೆಲ್ಲ ಆ ನಂಬಿಕೆಯ ಮೇಲೆ ಹಾಕಿದವು.

ಪಂಪ್‌ಹೌಸಿನ ಒಳಗೆ ಒಂದು ಆಳದ ಬಾವಿ. ನೀರು ಬಂದು ಬೀಳುವುದು ಅದಕ್ಕೆ. ತಳದಲ್ಲಿ ಎರಡು ಪಂಪು ಮುಳುಗಿರುತ್ತವೆ. ಮೇಲಿನಿಂದ ಫ್ಲೋಟ್‌ಗಳು ಇಳಿಬಿದ್ದಿರುತ್ತವೆ, ಸೋರೆಕಾಯಿಯ ಗಾತ್ರದ ಪ್ಲಾಸ್ಟಿಕ್ ಬುರುಡೆಗಳು. ನೀರು ಏರಿ ಒಂದು ಬುರುಡೆ ವಾಲಿದರೆ ಪಂಪು ಶುರುವಾಗುತ್ತದೆ. ಅದರ ಮೇಲಿನದೂ ವಾಲಿದರೆ ಎರಡನೆಯ ಪಂಪು. ಇನ್ನೂ ಏರಿದರೆ ಗಂಟೆ ಬಾರಿಸುತ್ತದೆ. ನೀರು ಇಳಿದರೆ ಕೆಳಗಿನ ಬುರುಡೆ ಎಲ್ಲವನ್ನೂ ನಿಲ್ಲಿಸುತ್ತದೆ. ನೋಡಿದರೆ ತಾನೇ ನಡೆಯುವ ವ್ಯವಸ್ಥೆ. ಆದರೆ ಊರು ಬಚ್ಚಲಿಗೆ ಬರೀ ನೀರು ಬಿಡುವುದಿಲ್ಲ. ಒಗ್ಗರಣೆಯ ಜಿಡ್ಡು ಬೆಣ್ಣೆಯ ಹಾಗೆ ಕಟ್ಟಿ ಬುರುಡೆಗಳನ್ನು ಗೋಡೆಗೆ ಅಂಟಿಸುತ್ತದೆ. ಆಗ ನೀರು ಎಷ್ಟಿದೆ ಎಂದು ಪಂಪಿಗೆ ತಿಳಿಯುವುದಿಲ್ಲ. ತಲೆಗೂದಲು ಹಗ್ಗವಾಗುತ್ತದೆ, ಬಟ್ಟೆಚೂರುಗಳು ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ದಿನವೂ ಜಾಲರಿಯ ಕಸ ಎಳೆಯಬೇಕು. ವಾರಕ್ಕೊಮ್ಮೆ ಗೋಡೆಗೆ ನೀರು ಹೊಡೆದು ಜಿಡ್ಡು ಬಿಡಿಸಬೇಕು. ಆಗಾಗ ಪಂಪನ್ನು ಚೈನ್ ಪುಲ್ಲಿಯಿಂದ ಮೇಲಕ್ಕೆಳೆದು ಬಿಡಿಸಿ ತೊಳೆದು ಇಳಿಸಬೇಕು. ಇದೆಲ್ಲ ಯಾಕೆಂದರೆ, ಯಾರೂ ಒಳಗೆ ಇಳಿಯುವ ಪ್ರಸಂಗ ಬರಬಾರದು ಎಂದು. ತಳದಲ್ಲಿ ಕೂತ ಗಾಳಿಗೆ ಮೊದಲು ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಸ್ವಲ್ಪ ಹೊತ್ತಿಗೆ ವಾಸನೆ ನಿಲ್ಲುತ್ತದೆ. ಗಾಳಿ ಒಳ್ಳೆಯದಾಯಿತು ಎಂದಲ್ಲ. ಮೂಗು ಸತ್ತಿತು ಎಂದು ಅರ್ಥ. ಹಾಲೇಶ ಊಟಕ್ಕೆ ಕೂತಾಗ ಇದನ್ನು ಹೇಳುತ್ತಿದ್ದ. ಊಟದ ಹೊತ್ತಲ್ಲಿ ಬೇಡ ಎಂದು ನಾನು ಗದರುತ್ತಿದ್ದೆ.

ನನಗೆ ಕೆಲಸ ತೋರಿಸಿಕೊಟ್ಟವನು ಓಬಳೇಶ, ಅಲ್ಲಿನ ಗುತ್ತಿಗೆ ಕೆಲಸಗಾರ. ಹಾಲೇಶನನ್ನು ಅಣ್ಣ ಎನ್ನುತ್ತಿದ್ದವನು, ನನ್ನನ್ನು ಅತ್ತಿಗೆ ಎನ್ನುತ್ತಾನೆ. ದಪ್ಪ ಆಳು, ಮಾತು ಜಾಸ್ತಿ. ನನ್ನ ಮುಂದೆ ಮಾತ್ರ ಮಾತು ಕಡಿಮೆ ಮಾಡಿಕೊಂಡಿದ್ದ. ಚೈನ್ ಪುಲ್ಲಿ ಎಲ್ಲಿ ಎಂದು ಮೊದಲ ದಿನವೇ ಕೇಳಿದೆ. ತಲೆಯ ಮೇಲಿನ ಕಬ್ಬಿಣದ ತೊಲೆ ಬರಿದಾಗಿತ್ತು.

"ಪುರಸಭೆ ಗೋಪುರಕ್ಕೆ ದೊಡ್ಡ ಗಡಿಯಾರ ಏರಿಸಿದ್ರಲ್ಲ, ಅದಕ್ಕೆ ಅಂತ ಒಯ್ದ್ರು. ಅಲ್ಲೇ ಐತೆ," ಎಂದ. ಆಮೇಲೆ ಮುಖ ತಿರುಗಿಸಿಕೊಂಡು ಜಾಲರಿ ಎಳೆಯಲು ಹೋದ.

ಇನ್ನೊಂದು ಸಂಗತಿ. ನಾನು ಹಿಂದೆ ಹಾಲೇಶನಿಗೆ ಬುತ್ತಿ ತರುತ್ತಿದ್ದಾಗ ಅಂಗಳದಿಂದ ಬಾಗಿಲಿಗೆ ಸಪಾಟು ನೆಲವಿತ್ತು. ಈಗ ಬಾಗಿಲ ಮುಂದೆ, ಗೋಡೆಯ ಸುತ್ತ, ಹೊಸ ಕೆಮ್ಮಣ್ಣು ಏರಿಸಿದ್ದರು. ಕಾಲು ಸ್ವಲ್ಪ ಹೂತುಕೊಳ್ಳುತ್ತಿತ್ತು. ಮಳೆ ನೀರು ಒಳಗೆ ಬಾರದಿರಲಿ ಎಂದು ಹಾಕಿರಬೇಕು ಎಂದುಕೊಂಡೆ.

ಕೆಲವು ವಾರಗಳಲ್ಲಿ ಗಾಣದ ಓಣಿಯಿಂದ ದೂರು ಬಂತು. ಅದು ಪಂಪ್‌ಹೌಸಿಗೆ ತೀರ ಹತ್ತಿರದ ಓಣಿ. ಅಲ್ಲಿನ ಬಚ್ಚಲುಗಳಲ್ಲಿ ನೀರು ಇಳಿಯುತ್ತಿರಲಿಲ್ಲ. ಆಮೇಲೆ ಇನ್ನೊಬ್ಬರ ಮನೆಯ ಕೊಳಚೆ ಇವರ ಬಚ್ಚಲಲ್ಲಿ ಉಕ್ಕತೊಡಗಿತು. ಚೇಂಬರುಗಳು ತುಂಬಿ ನಿಂತಿದ್ದವು. ಆದರೆ ನನ್ನ ಬಾವಿಯಲ್ಲಿ ನೀರು ಕಡಿಮೆ. ಪಂಪು ಅಪರೂಪಕ್ಕೆ ಓಡುತ್ತಿತ್ತು. ಬಾವಿಗೆ ಬರುವ ಪೈಪಿನ ಬಾಯಲ್ಲಿ ಬ್ಲಾಕ್ ಆಗಿದೆ, ಆಳನ್ನು ಇಳಿಸಿ ಚುಚ್ಚಿಸುತ್ತೇನೆ ಎಂದು ವಿರೂಪಾಕ್ಷಯ್ಯನವರು ಹೇಳಿ ಕಳಿಸಿದರು.

ಬಾವಿಯೊಳಗೆ ನೋಡಲು ಇಳಿಯಬೇಕಿಲ್ಲ. ಬಿಸಿಲಿದ್ದರೆ ಕನ್ನಡಿ ಸಾಕು. ಇದೂ ಊಟದ ಹೊತ್ತಲ್ಲಿ ಕೇಳಿದ ಮಾತೇ. ಮನೆಯಿಂದ ಕನ್ನಡಿ ತಂದೆ, ಬಾಗಿಲಲ್ಲಿ ನಿಂತು ಬಿಸಿಲನ್ನು ಹಿಡಿದು ಮುಚ್ಚಳದ ಬಾಯಿಂದ ಒಳಕ್ಕೆ ಬಿಟ್ಟೆ. ಬೆಳಕು ಗೋಡೆಯ ಮೇಲೆ ಇಳಿದು, ಪೈಪಿಗೆಂದು ಅದರಲ್ಲಿ ಬಿಟ್ಟಿದ್ದ ಕಂಡಿಯ ಮೇಲೆ ನಿಂತಿತು. ಕಸ ಇರಲಿಲ್ಲ. ಕಂಡಿಯ ಬಹುಭಾಗದಲ್ಲಿ ಬರೀ ಮಣ್ಣು ಕಾಣುತ್ತಿತ್ತು. ಕೆಳ ಅಂಚಿನಲ್ಲಿ ಮಾತ್ರ, ತದಿಗೆಯ ಚಂದ್ರನಷ್ಟು ಸಣ್ಣ ಸೀಳಿನಿಂದ, ನೀರು ಜಿನುಗುತ್ತಿತ್ತು. ಪೈಪು ಇದ್ದಲ್ಲಿಯೇ ಇತ್ತು. ಕಂಡಿ ಅದನ್ನು ಬಿಟ್ಟು ಮೇಲೆ ಹೋಗಿತ್ತು.

ಒಂದು ಗೇಣು.

ನಾನು ಹೊರಗೆ ಬಂದು ಬಾಗಿಲ ಮುಂದಿನ ಕೆಮ್ಮಣ್ಣನ್ನು ಕಾಲಿನಿಂದ ಕೆದಕಿದೆ. ಗೋಡೆಗೆ ಬಳಿದ ಹಳದಿ ಬಣ್ಣ ಒಂದು ಕಡೆ ಮುಗಿದಿತ್ತು; ಅದರ ಕೆಳಗೆ ಎಂದೂ ಬಿಸಿಲು ಕಾಣದ ಬರಿಗಲ್ಲು. ಮತ್ತೆ ಒಳಗೆ ಹೋಗಿ ಕನ್ನಡಿ ಹಿಡಿದೆ. ಅಳು ಬರಲಿಲ್ಲ. ಬೆಳಕು ಮಾತ್ರ ಒಂದು ಕಡೆ ನಿಲ್ಲದೆ ಬಾವಿಯ ತುಂಬ ಓಡಾಡಿತು.

ವಿರೂಪಾಕ್ಷಯ್ಯನವರು ಬಂದಾಗ ನಾನು ಮುಚ್ಚಳ ಹಾಕಿ ಅದರ ಮೇಲೆ ಕೂತಿದ್ದೆ. ಹಿಂದೆ ಓಬಳೇಶ, ಹೆಗಲ ಮೇಲೆ ಹಗ್ಗ.

"ಸಾರ್, ನನ್ನ ಹೊಟ್ಟೆ ಒಂದ್ಸಲ ನೋಡ್ರಿ. ನಾನು ಇಳಿದ್ರೆ ನಾನೇ ಬ್ಲಾಕ್ ಆಗ್ತೀನಿ," ಎನ್ನುತ್ತಿದ್ದ. ನಗಿಸಲು ನೋಡುತ್ತಿದ್ದ. ತುಟಿ ಒಣಗಿತ್ತು.

"ಸುಮ್ನಿರಯ್ಯ. ಏಳಮ್ಮ, ಮುಚ್ಚಳ ತೆಗೀಬೇಕು."

"ಬ್ಲಾಕ್ ಇಲ್ಲ ಸಾರ್. ಬಾವಿ ಏರಿದೆ."

ಅವರು ಆಶ್ಚರ್ಯಪಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ನೋಡಮ್ಮ, ಬ್ಲಾಕ್ ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ. ಏರಿದೆ ಅಂತ ಬರೆದ್ರೆ ಯಾಕೆ ಏರ್ತು ಅಂತ ಕೇಳ್ತಾರೆ."

"ಕೇಳಲಿ."

"ಹೋದೋನು ವಾಪಸ್ ಬರ್ತಾನಾ? ಈಗ ಓಣಿ ಜನದ ಕಷ್ಟ ನೋಡು. ಇವನು ಇಳಿದು ಆ ಸಂದಿ ಒಂಚೂರು ಅಗಲ ಮಾಡಿದ್ರೆ ಸದ್ಯಕ್ಕೆ ನೀರು ಬರುತ್ತೆ."

"ಇಳಿದವನು ಮೇಲೆ ಬರದಿದ್ರೆ?"

"ಬಾಯಿಗೆ ಬಂದಿದ್ದು ಅನ್ಬಾರದು."

"ಇನ್ನೊಂದು ಗೇಣು ಏರುತ್ತೆ ಸಾರ್. ಆಗ ಆ ಸಂದಿಯೂ ಮುಚ್ಚುತ್ತೆ. ಇಡೀ ಊರಿನ ಕೊಳಚೆ ಊರಲ್ಲೇ ನಿಲ್ಲುತ್ತೆ."

ಓಬಳೇಶ ನನ್ನನ್ನೂ ಅವರನ್ನೂ ನೋಡಿದ. ಹಗ್ಗವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟ.

"ನಿನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ," ಎಂದರು ವಿರೂಪಾಕ್ಷಯ್ಯನವರು. ಗದರಿಸಿದ ಹಾಗಿರಲಿಲ್ಲ, ದಣಿದವರ ದನಿ. "ನಾಳೆ ಬೆಳಿಗ್ಗೆ ಬರ್ತೀನಿ. ಅಷ್ಟೊತ್ತಿಗೆ ಮುಚ್ಚಳ ತೆಗೆದಿರಲಿ."

ಅವರು ಹೋದ ಮೇಲೆ ಓಬಳೇಶ ಬಾಗಿಲಲ್ಲಿ ಕೂತ. ಹೊರಗೆ ನೋಡುತ್ತಲೇ ಹೇಳಿದ.

"ಪಂಪಿಗೆ ಬಟ್ಟೆ ಸುತ್ಕಂಡಿತ್ತು ಅತ್ತಿಗೆ. ಪುಲ್ಲಿ ಇಲ್ಲ. ಅಣ್ಣ ಎಷ್ಟು ಸಲ ಕೇಳ್ಕಂಡ, ಪುಲ್ಲಿ ಕೊಡ್ರಿ ಅಂತ. ಈವತ್ತು ಆಗಲೇಬೇಕು ಅಂತ ಸಾಹೇಬ್ರು ಅಂದ್ರು. ಇಳಿದ. ಎರಡು ಸಲ ಹಗ್ಗ ಜಗ್ಗಿದ್ರೆ ಎತ್ತು ಅಂದಿದ್ದ. ಜಗ್ಗಲೇ ಇಲ್ಲ. ನಾನು ಹಗ್ಗ ಹಿಡ್ಕಂಡು ನಿಂತೇ ಇದ್ದೆ."

ನಾನು ನೆಲದ ಮೇಲಿನ ಹಗ್ಗವನ್ನು ಸುತ್ತತೊಡಗಿದೆ.

"ಹಿಂದಿನ ನಲ್ಲಿ ಕೆಳಗೆ ನಾನೇ ಮೈ ತೊಳೆದೆ. ಅವ್ರು ಹೇಳಿದ್ರು ಅಂತ ಅಲ್ಲ. ಹಂಗೇ ತಂದು ನಿಮ್ಮ ಮುಂದೆ ಮಲಗಿಸಾಕೆ ಮನಸ್ಸು ಬರಲಿಲ್ಲ. ಸೋಪು ನಂದು. ಅಂಗಿ ನಂದು." ಬಾಗಿಲ ಮುಂದಿನ ಕೆಮ್ಮಣ್ಣನ್ನು ತೋರಿಸಿದ: "ಈ ಮಣ್ಣು ಏರಿಸಿದೋನೂ ನಾನೇ. ಇನ್ನೇನು ಮಾಡ್ಲಿ, ಗುತ್ತಿಗೆಯೋನು."

"ಅಂಗಿ ಒಗೆದು ಇಟ್ಟಿದೀನಿ," ಎಂದೆ. "ಬಂದು ತಗೊಂಡು ಹೋಗು."

ಅವನು ಮಂಡಿಯ ನಡುವೆ ತಲೆ ಇಟ್ಟುಕೊಂಡ.

ಸಂಜೆ ಹೊನ್ನೂರಮ್ಮನ ಮನೆಗೆ ಹೋದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ನಾನು ಕಂಡದ್ದು, ಕೇಳಿದ್ದು ಹೇಳಿದೆ. ಹೆಚ್ಚು ಮಾತು ಬೇಕಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ತಿರುವಿಹಾಕಲಿಲ್ಲ.

"ಹಂಗಾದ್ರೆ ನಿನ್ನ ಮನೇದು ತಪ್ಪಿಲ್ಲ," ಎಂದಳು ಕೊನೆಗೆ. "ನಾನು ದಿನಾ ಬಂದು ಆ ಹೊಸ್ತಿಲಿಗೆ ಒಳಗೊಳಗೇ ಬೈತಿದ್ದೆ ಕಣವ್ವ."

"ಕಲ್ಲು ಬೇಕಿತ್ತು."

"ಬೇಕಿತ್ತು ಅಂತ ಕೇಳ್ತೀಯಲ್ಲ. ನಿಂದೇ ಅಲ್ವಾ? ಎಲ್ಲಿ ಹಾಕಬೇಕೋ ಅಲ್ಲಿ ಹಾಕಾಣ. ಪಂಪ್‌ಹೌಸಿಗೆ ಮೆಟ್ಲು ಹಾಕಬಾರದು ಅಂತ ಯಾವ ಪುರಸಭೆಯೋನು ಹೇಳ್ತಾನೋ ಹೇಳ್ಲಿ, ನೋಡ್ತೀನಿ."

ಬೆಳಗಾಗುತ್ತಲೇ ಕಲ್ಲನ್ನು ಕೈಗಾಡಿಯ ಮೇಲೆ ಏರಿಸಿದೆವು. ಓಬಳೇಶ ಬಂದಿದ್ದ, ತನ್ನದೇ ಗುದ್ದಲಿ ತಂದಿದ್ದ. ಬೀದಿಯಲ್ಲಿ ಮೆಟ್ಟಿಲುಗಲ್ಲು ಹೋಗುತ್ತಿದ್ದರೆ ಕಂಡವರು ಜೊತೆಗೆ ನಡೆಯುವುದು ಇಲ್ಲಿನ ವಾಡಿಕೆ. ಯಾರ ಮನೆಗೆ ಎಂದು ಕೇಳುವುದಿಲ್ಲ. ಗಾಡಿ ನಿಂತಲ್ಲಿ ಗೊತ್ತಾಗುತ್ತದೆ. ನಲ್ಲಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟು ಬಂದರು. ಗಾಣದ ಓಣಿಯವರು ಸೀರೆ ಎತ್ತಿ ಕಟ್ಟಿ, ಕೊಳಚೆ ಬಳಿಯುವುದನ್ನು ಬಿಟ್ಟು ಬಂದರು. ಗಾಡಿ ಊರು ದಾಟಿ ತಗ್ಗಿಗೆ ಇಳಿದಾಗ ಹಿಂದೆ ಬರುತ್ತಿದ್ದವರ ಮಾತು ನಿಂತಿತು.

ಓಬಳೇಶ ತಾನು ಏರಿಸಿದ ಮಣ್ಣನ್ನು ತಾನೇ ಎಳೆದು ಹಾಕಿದ. ಹಳದಿ ಬಣ್ಣದ ಕೆಳಗಿನ ಬರಿಗಲ್ಲು ಗೋಡೆಯ ಉದ್ದಕ್ಕೂ ಹೊರಬಿತ್ತು. ಹೊನ್ನೂರಮ್ಮ ಅದಕ್ಕೆ ಗೇಣು ಹಾಕಿದಳು. ಹೆಬ್ಬೆರಳು ಅಂಗಳದ ಮಟ್ಟದಲ್ಲಿ, ಕಿರುಬೆರಳು ಬಣ್ಣದ ಅಂಚಿನಲ್ಲಿ. ನಲ್ಲಿಯ ಹತ್ತಿರ ಮಾತಾಡಿದ್ದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಲ್ಲು ಸರಿಯಾಗಿ ಕೂತಿತು.

ಮೊದಲು ಹತ್ತಬೇಕಾದವಳು ನಾನು. ಅವನು ಹೋದ ದಿನದಿಂದ ಅಲ್ಲಿಯ ತನಕ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ. ಕಲ್ಲಿನ ಮುಂದೆ ನಿಂತೆ. "ಹಾಲೇಶ," ಎಂದೆ. ಕರೆದ ಹಾಗೆ ಕೇಳಿಸಿತು. ಹತ್ತಿದೆ.

ವಿರೂಪಾಕ್ಷಯ್ಯನವರು ಬಂದಾಗ ಎಲ್ಲರೂ ಅಂಗಳದಲ್ಲೇ ಇದ್ದರು. ಯಾರೂ ಕೂಗಲಿಲ್ಲ, ದಾರಿಗೆ ಅಡ್ಡ ನಿಲ್ಲಲಿಲ್ಲ. ಅವರ ಮನೆಗೆ ಒಂದೂ ಮೆಟ್ಟಿಲಿಲ್ಲ ಎನ್ನುವುದು ಊರಿಗೆ ಗೊತ್ತು. ತಂದೆ ತಾಯಿ ಇಬ್ಬರನ್ನೂ ಕೊನೆಗೆ ಆಸ್ಪತ್ರೆಗೆ ಸಾಗಿಸಿದವರು. ಅವರು ಮೆಟ್ಟಿಲ ಹತ್ತಿರ ಬಂದು ನಿಂತರು. ಪಕ್ಕದಲ್ಲಿ ಕಾಲಿಟ್ಟು ಹೋಗಲು ಜಾಗವಿರಲಿಲ್ಲ.

"ಬರ್ರಿ ಸಾಮಿ," ಎಂದಳು ಹೊನ್ನೂರಮ್ಮ. "ಹೊಸ ಮೆಟ್ಲು. ಗೊತ್ತಲ್ಲ?"

ಅವರು ಹಿಂದಕ್ಕೆ ತಿರುಗಿ ಜೀಪನ್ನು ನೋಡಿದರು. ಹೋಗಿಬಿಡಬಹುದಿತ್ತು.

"ನಮ್ಮ ಬಚ್ಚಲು ನಿಮ್ಮ ದಾರಿ ಕಾಯ್ತಾ ಐತೆ ಸಾರ್," ಎಂದಳು ಗಾಣದ ಓಣಿಯ ಹೆಂಗಸು. ಒಂದಿಬ್ಬರು ನಕ್ಕರು, ತಕ್ಷಣ ನಿಲ್ಲಿಸಿದರು.

ಅವರು ಬಗ್ಗಿ ಶೂ ಬಿಚ್ಚಿದರು. ಹಾಗೆ ಮಾಡಬೇಕೆಂದು ನಿಯಮವಿಲ್ಲ. ಪ್ರಾಯಶಃ ಅವರಿಗೆ ಗೊತ್ತಿರಲಿಲ್ಲ. ಕಲ್ಲನ್ನೇ ನೋಡುತ್ತ ಏನೋ ಅಂದರು, ಕೇಳಿಸಲಿಲ್ಲ. "ಹಾಲೇಶಪ್ಪ," ಎಂದರು ಈ ಸಲ, ಎಲ್ಲರಿಗೂ ಕೇಳುವಂತೆ. ಬದುಕಿದ್ದಾಗ ಯಾರೂ ಅವನನ್ನು ಅಪ್ಪ ಸೇರಿಸಿ ಕರೆದಿರಲಿಲ್ಲ. ಆಮೇಲೆ ಒಳಗೆ ಬಂದು, ನನ್ನ ಕನ್ನಡಿಯನ್ನು ಕೇಳಿ ಪಡೆದು, ಬಾವಿಯೊಳಗೆ ಬೆಳಕು ಬಿಟ್ಟು ನೋಡಿದರು.

ಬಾವಿಯಲ್ಲಿ ಆಳು ಸತ್ತು ಪಂಪ್‌ಹೌಸ್ ಏರಿದೆ ಎಂದು ಅವರೇ ಬರೆದು ಕಳಿಸಿದರು. ಅದಾದ ಮೇಲೆ ಕೆಲಸ ತಡವಾಗಲಿಲ್ಲ. ಗೋಡೆಯ ಹೊರಗಿನಿಂದ ಗುಂಡಿ ತೋಡಿ, ಒಂದು ಗೇಣು ಕೆಳಗೆ ಹೊಸ ಕಂಡಿ ಕೊರೆದು ಪೈಪನ್ನು ಸೇರಿಸಿದರು. ಯಾರೂ ಬಾವಿಗೆ ಇಳಿಯಲಿಲ್ಲ. ಫ್ಲೋಟ್‌ಗಳನ್ನು ಒಂದು ಗೇಣು ಇಳಿಸಿ ಕಟ್ಟಿದವಳು ನಾನು. ಗಾಣದ ಓಣಿಯ ಬಚ್ಚಲುಗಳು ಗೊಳಗೊಳನೆ ಖಾಲಿಯಾದವಂತೆ. ಆ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಚೈನ್ ಪುಲ್ಲಿ ತರಲು ಓಬಳೇಶ ಗೋಪುರ ಹತ್ತಿದ. ಗಡಿಯಾರ ನಿಂತುಹೋಗಿದೆ, ಪುಲ್ಲಿ ಮಾತ್ರ ಗಟ್ಟಿಯಾಗಿದೆ ಎಂದು ಬಂದು ಹೇಳಿದ. ವಿರೂಪಾಕ್ಷಯ್ಯನವರ ಮೇಲೆ ವಿಚಾರಣೆ ನಡೆಯುತ್ತಿದೆ. ನನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ.

ದಿನವೂ ಜಾಲರಿ ಎಳೆಯುತ್ತೇನೆ. ಗೋಡೆಗೆ ನೀರು ಹೊಡೆಯುತ್ತೇನೆ. ಸರಪಳಿ ಜಗ್ಗಿ ಪಂಪನ್ನು ಮೇಲೆತ್ತಿ, ಚಕ್ರಕ್ಕೆ ಸುತ್ತಿದ ಕೂದಲನ್ನೂ ಬಟ್ಟೆಯನ್ನೂ ಚಾಕುವಿನಿಂದ ಕತ್ತರಿಸಿ ತೆಗೆಯುತ್ತೇನೆ. ಸಂಜೆ ಮನೆಗೆ ಬಂದರೆ ಹೊಸ್ತಿಲು ಬೀದಿಯ ಮಟ್ಟಕ್ಕೇ ಇದೆ. ಹೊನ್ನೂರಮ್ಮ ಈಗ ಅಳೆಯಲು ಬರುವುದಿಲ್ಲ, ರೊಟ್ಟಿ ತರುತ್ತಾಳೆ.

ಮೊನ್ನೆ ಪಂಪಿನ ವೈಂಡಿಂಗ್ ಸುತ್ತುವ ಮೆಕ್ಯಾನಿಕ್ ಬಂದ. ಪಂಪ್‌ಹೌಸಿಗೆ ಹೊಸಬ, ಊರಿನ ವಾಡಿಕೆ ಗೊತ್ತಿದ್ದವನು. ಬಾಗಿಲಲ್ಲಿ ಕಲ್ಲನ್ನು ಕಂಡು ನಿಂತ.

"ಯಾರ ಹೆಸರು ಹೇಳ್ಬೇಕಮ್ಮ?"

ಹೇಳಿದೆ. ಅವನು ಹೇಳಿ ಹತ್ತಿದ. ಒಳಗೆ ಬಂದು ಬಾವಿಯನ್ನು ಬಗ್ಗಿ ನೋಡಿದ, ಮತ್ತೆ ಬಾಗಿಲ ಕಡೆ ತಿರುಗಿ ನೋಡಿದ.

"ಇಷ್ಟು ಹಳೇ ಬಾವಿ. ಒಂದೇ ಮೆಟ್ಲಾ?"

"ಒಂದೇ," ಎಂದು ಹೇಳಿ, ಪುಲ್ಲಿಯ ಸರಪಳಿಗೆ ಎಣ್ಣೆ ಹಾಕಲು ಹೋದೆ.